ಬೆಳಗಾವಿಯ ಹಂದರದಿಂದ ವಿನಿಪೆಗ್‌ನ ಹಿಮಕ್ಕೆ: ಹೂವಿನ ಕಸುಬನ್ನು ಇಲ್ಲಿ ಹೇಗೆ ಕಟ್ಟಿಕೊಳ್ಳಲಿ?

ಹಂದರದ ಹೂವು (ಮೂಲ ಶಹಾಪುರ, ಬೆಳಗಾವಿ, ಈಗ ವಿನಿಪೆಗ್)

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಬೆಳಗಾವಿಯ ಮಂಗಲ ಕಾರ್ಯಾಲಯಗಳಲ್ಲಿ ಮದುವೆಯ ಮಂಟಪ, ಸೀಮಂತದ ಉಯ್ಯಾಲೆ, ಗಣೇಶೋತ್ಸವದ ವೇದಿಕೆ ಮುಂತಾದವುಗಳಿಗೆ ಹೂವಿನ ಅಲಂಕಾರ ಮಾಡುವುದೇ ನನ್ನ ವೃತ್ತಿಯಾಗಿತ್ತೆಂಬುದು ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ. ಪತಿಯ ನೌಕರಿಯ ಸಲುವಾಗಿ ಕಳೆದ ಶರತ್ಕಾಲದಲ್ಲಿ ಕೆನಡಾದ ಮ್ಯಾನಿಟೋಬಾ ಪ್ರಾಂತದ ರಾಜಧಾನಿಯಾದ ವಿನಿಪೆಗ್‌ಗೆ ಬಂದು ನೆಲೆಸಿದ್ದೇವೆ. ಇನ್ನು ಇದೇ ನಮ್ಮ ಊರು. ಕಸುಬನ್ನೂ ಇಲ್ಲಿಯೇ ಕಟ್ಟಿಕೊಳ್ಳಬೇಕಾಗಿರುವುದರಿಂದ ನಿಮ್ಮ ಮುಂದೆ ಕೆಲವು ಪ್ರಶ್ನೆಗಳನ್ನು ಇಡುತ್ತಿದ್ದೇನೆ.

ಜನವರಿಯಲ್ಲಿ ಇಲ್ಲಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಸುಮಾರು 16 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಗಾಳಿ ಜೋರಾಗಿ ಬೀಸಿದ ದಿನ ಮೈಗೆ ತಾಗುವ ಚಳಿ ಮೈನಸ್ 40ರ ಆಸುಪಾಸಿಗೆ ಇಳಿಯುವುದೂ ಉಂಟು. ಬೆಳಗಾವಿಯಲ್ಲಿ ನಮ್ಮ ಹೋರಾಟವೆಲ್ಲ ಸೆಕೆಯೊಡನೆ ಇತ್ತು. ನಸುಕಿನಲ್ಲಿ ತಂದ ಸೇವಂತಿಗೆಗೆ ಒದ್ದೆ ಗೋಣಿಚೀಲ ಹೊದಿಸಿ, ಅಕ್ಷತೆಯ ಮುಹೂರ್ತದವರೆಗೆ ಮಂಟಪ ಬಾಡದಂತೆ ಕಾಯ್ದುಕೊಂಡರೆ ಗೆದ್ದಂತೆ. ಇಲ್ಲಿ ಅಂಗಡಿಯ ಬಾಗಿಲಿನಿಂದ ವಾಹನದ ಬಾಗಿಲಿಗೆ ಹೋಗುವ ನಾಲ್ಕು ಹೆಜ್ಜೆಯೇ ಹೂವಿಗೆ ಸಾಕಾಗುತ್ತದೆ. ಹೆಪ್ಪುಗಟ್ಟಿದ ಗುಲಾಬಿಯ ಎಸಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ: ಮೊದಲು ಅದು ಅರೆಪಾರದರ್ಶಕವಾಗಿ ಗಡುಸಾಗುತ್ತದೆ, ಒಳಗೆ ತಂದು ಬೆಚ್ಚಗಾದ ಕೂಡಲೇ ನೀರೂರಿ ಜೋತುಬೀಳುತ್ತದೆ, ಸಂಜೆಯ ಹೊತ್ತಿಗೆ ಅಂಚಿನಿಂದ ಒಳಮುಖವಾಗಿ ಕಂದು ಬಣ್ಣ ಹರಡುತ್ತದೆ. ಆಮೇಲೆ ಯಾವ ಉಪಚಾರಕ್ಕೂ ಅದು ಬಗ್ಗುವುದಿಲ್ಲ.

ನನ್ನ ಮುಂದಿರುವ ಪ್ರಶ್ನೆಗಳು ಇವು. ಇಲ್ಲಿಯ ಹೂವಿನ ಅಂಗಡಿಯೊಂದರವರು ಕಾಯಂ ಕೆಲಸಕ್ಕೆ ಕರೆದಿದ್ದಾರೆ. ಮೇ ತಿಂಗಳ ಎರಡನೆಯ ಭಾನುವಾರದ ತಾಯಂದಿರ ದಿನ ಅವರಿಗೆ ದೊಡ್ಡ ಸುಗ್ಗಿಯಾದ್ದರಿಂದ ಅದಕ್ಕೂ ಮುಂಚೆ ಸೇರಬೇಕೆನ್ನುತ್ತಾರೆ. ಇನ್ನೊಂದೆಡೆ ಇಲ್ಲಿಯ ಭಾರತೀಯ ಕುಟುಂಬಗಳು ಮದುವೆ, ನಾಮಕರಣಗಳ ಅಲಂಕಾರಕ್ಕೆ ಕೇಳುತ್ತಿವೆ, ಆದರೆ ಬಹುತೇಕರು ಬಯಸುವುದು ಪ್ಲಾಸ್ಟಿಕ್ ಚೆಂಡುಹೂವಿನ ಸರಗಳನ್ನು. "ನಿಜವಾದ ಹೂವು ಈ ಊರಿನಲ್ಲಿ ಎಲ್ಲಿಂದ ತರುತ್ತೀರಿ?" ಎಂಬುದು ಅವರ ಪ್ರಶ್ನೆ, ಮತ್ತು ಅದು ತಪ್ಪು ಪ್ರಶ್ನೆಯೇನೂ ಅಲ್ಲ. ಪ್ಲಾಸ್ಟಿಕ್ಕಿಗೆ ಒಪ್ಪಿಕೊಳ್ಳಬೇಕೇ? ಇದರ ಜೊತೆಗೆ ಯುಗಾದಿ ಹತ್ತಿರ ಬರುತ್ತಿದೆ. ಆಗಲೂ ಇಲ್ಲಿ ನೆಲದ ಮೇಲೆ ಹಿಮವೇ ಇರುತ್ತದೆ. ಮಾವಿನ ಎಲೆಯಿಲ್ಲದೆ ತೋರಣ ಕಟ್ಟಲು ಏನು ಮಾಡಬಹುದು?

ಗಣಪತ ಗಲ್ಲಿಯ ಹೂವಾಡಿಗ (ಬೆಳಗಾವಿ)

ತಂಗೀ, ನಿನ್ನ ಮಂಟಪಗಳಿಗೆ ಹೂವು ಕೊಟ್ಟವರಲ್ಲಿ ನಾನೂ ಒಬ್ಬ. ಪ್ಲಾಸ್ಟಿಕ್ಕಿನ ವಿಷಯವನ್ನು ಮೊದಲು ಮಾತಾಡೋಣ. ಪ್ಲಾಸ್ಟಿಕ್ ಚೆಂಡುಹೂವು ವಿನಿಪೆಗ್‌ನ ಸಮಸ್ಯೆ ಮಾತ್ರವೆಂದು ತಿಳಿಯಬೇಡ. ಇಲ್ಲಿಯೇ, ಹೂವಿನ ಬುಟ್ಟಿಗಳ ಎದುರಿಗೇ ಅವುಗಳ ಗೊಂಚಲುಗಳು ತೂಗುತ್ತಿರುತ್ತವೆ. ಲಗ್ನಸರಾಯಿಯಲ್ಲಿ ದರ ಏರಿದಾಗ ಅಲಂಕಾರದವರು ಹೊರಗಿನ ಕಮಾನಿಗೆ ಪ್ಲಾಸ್ಟಿಕ್, ಒಳಗಿನ ಮಂಟಪಕ್ಕೆ ನಿಜವಾದ ಹೂವು ಎಂದು ಪಾಲು ಮಾಡಿಕೊಂಡು ಬಹಳ ಕಾಲವಾಯಿತು. ಗಿರಾಕಿ ಬೇಡುವುದನ್ನು ಕೊಡದೆ ಅಂಗಡಿ ನಡೆಯುವುದಿಲ್ಲ. ದೇವರ ಕೊರಳಿಗೂ ವಧೂವರರ ಕೊರಳಿಗೂ ಪ್ಲಾಸ್ಟಿಕ್ ಹಾಕುವುದಿಲ್ಲವೆಂಬ ಒಂದು ಗೆರೆಯನ್ನು ಎಳೆದುಕೊ. ಉಳಿದ ಕಡೆ ಗಿರಾಕಿಯ ಇಚ್ಛೆಗೆ ಬಿಡು.

ಇನ್ನು ಅಂಗಡಿಯ ನೌಕರಿಯ ಮಾತು. ಹೊಸ ಊರಿನಲ್ಲಿ ಸಗಟು ಮಾಲು ಎಲ್ಲಿಂದ ಬರುತ್ತದೆ, ಯಾವ ವಾರ ದರ ಏರುತ್ತದೆ, ಯಾರು ಸಾಲ ಉಳಿಸುತ್ತಾರೆ ಎಂಬುದನ್ನು ಇನ್ನೊಬ್ಬರ ಗಲ್ಲೆಯ ಹಿಂದೆ ನಿಂತು ಕಲಿಯುವುದೇ ಲೇಸು. ಸೇರಿಕೊ.

ಅರಭಾವಿಯಲ್ಲಿ ಓದಿದವನು (ಗೋಕಾಕ ತಾಲೂಕು)

ನಾನು ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ ಓದಿದವನು. ಕೊಯ್ಲೋತ್ತರ ನಿರ್ವಹಣೆಯ ದೃಷ್ಟಿಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಕೊಯ್ದ ಹೂವು ಉಸಿರಾಡುತ್ತಲೇ ಇರುತ್ತದೆ, ಮತ್ತು ಉಷ್ಣಾಂಶ ಪ್ರತಿ 10 ಡಿಗ್ರಿ ಏರಿದಾಗ ಆ ಉಸಿರಾಟದ ವೇಗ ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ. ಆದ್ದರಿಂದ ತಂಪು ಹೂವಿಗೆ ಹಿತ, ಹೆಪ್ಪುಗಟ್ಟುವಿಕೆ ಮಾತ್ರ ಮಾರಕ. ಗುಲಾಬಿ, ಕಾರ್ನೇಷನ್, ಸೇವಂತಿಗೆಗಳನ್ನು 0ಯಿಂದ 2 ಡಿಗ್ರಿಯಲ್ಲಿ ನೆಮ್ಮದಿಯಾಗಿ ಇಡಬಹುದು. ಆಂಥೂರಿಯಂ, ಹೆಲಿಕೋನಿಯಾ, ಬಹುತೇಕ ಆರ್ಕಿಡ್‌ಗಳಂತಹ ಉಷ್ಣವಲಯದ ಹೂವುಗಳಿಗೆ ಸುಮಾರು 12 ಡಿಗ್ರಿಗಿಂತ ಕೆಳಗಿನ ತಂಪೇ ಆಗದು. ಅವು ಹೆಪ್ಪುಗಟ್ಟದೆಯೇ ಕಪ್ಪಾಗುತ್ತವೆ. ಹೀಗಾಗಿ ನೀವು ಎರಡು ಬಗೆಯ ಹೂವುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಸಾಗಿಸುವಂತಿಲ್ಲ. ಚಳಿಗಾಲದ ಆರ್ಡರಿಗೆ ಗುಲಾಬಿ ಮತ್ತು ಕಾರ್ನೇಷನ್‌ಗಳನ್ನೇ ಮುಖ್ಯವಾಗಿ ನಂಬುವುದು ಜಾಣತನ.

ಎರಡನೆಯದು ಮನೆಯೊಳಗಿನ ಗಾಳಿ. ಮೈನಸ್ 20 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 1 ಗ್ರಾಂ ನೀರಾವಿಯನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದು; 20 ಡಿಗ್ರಿಯ ಗಾಳಿ ಸುಮಾರು 17 ಗ್ರಾಂ ಹಿಡಿದಿಟ್ಟುಕೊಳ್ಳಬಲ್ಲದು. ಹೊರಗಿನ ಗಾಳಿಯನ್ನು ಒಳಗೆ ತಂದು ಬರಿದೇ ಬಿಸಿಮಾಡಿದರೆ ಅದು ಎಷ್ಟು ಬಾಯಾರಿರುತ್ತದೆಂಬುದನ್ನು ಇದರಿಂದ ಊಹಿಸಬಹುದು. ನೀರಿನಲ್ಲಿ ನಿಂತ ದಂಟಿನ ಹೂವು ಇದನ್ನು ತಡೆದೀತು, ದಂಟಿಲ್ಲದೆ ದಾರಕ್ಕೆ ಕಟ್ಟಿದ ಹೂವು ತಡೆಯದು. ನಮ್ಮ ಹಾರದ ಪರಂಪರೆಗೆ ಅಲ್ಲಿಯ ನಿಜವಾದ ತೊಡಕು ಹೊರಗಿನ ಹಿಮಕ್ಕಿಂತ ಒಳಗಿನ ಶುಷ್ಕತೆಯಲ್ಲಿದೆ ಎಂದು ನನ್ನ ಅಭಿಪ್ರಾಯ. ಕಟ್ಟಿದ ಹಾರವನ್ನು ಒದ್ದೆ ಕಾಗದದಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕೊರಳಿಗೆ ಹಾಕುವ ಕ್ಷಣದವರೆಗೂ ತೆರೆಯದಿರಿ.

ಅಂಗಡಿಯಲ್ಲಿ ಹಣ್ಣಿನ ಬುಟ್ಟಿಗಳನ್ನೂ ಮಾರುವುದಾದರೆ ಅವನ್ನು ಹೂವಿನ ಕೋಣೆಯಿಂದ ದೂರವಿಡಲು ಹೇಳಿ. ಮಾಗುವ ಸೇಬು, ಬಾಳೆಹಣ್ಣುಗಳು ಬಿಡುವ ಎಥಿಲೀನ್ ಅನಿಲ ಕಾರ್ನೇಷನ್ನನ್ನು ಅಕಾಲದಲ್ಲಿ ಮುದುಡಿಸುತ್ತದೆ. ವಾಹನದ ಹೊಗೆಯಲ್ಲಿಯೂ ಅದೇ ಅನಿಲವಿದೆ. ಚಳಿಯೆಂದು ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಚಾಲೂ ಇಟ್ಟು ಹೂವು ತುಂಬುವುದು ಹೂವಿಗೂ ಕೆಟ್ಟದ್ದು, ನಿಮ್ಮ ಪ್ರಾಣಕ್ಕೂ ಅಪಾಯ.

ಟಿಳಕವಾಡಿಯ ಓದುಗ (ಬೆಳಗಾವಿ)

ನನಗೆ ಹೂವಿನ ವ್ಯವಹಾರ ತಿಳಿಯದು. ಆದರೂ ಒಂದು ಸಂಶಯ: ಬೆಂಗಳೂರಿನಿಂದ ಗುಲಾಬಿ ವಿದೇಶಗಳಿಗೆ ಹೋಗುವುದಾದರೆ ಮಲ್ಲಿಗೆ ಏಕೆ ಹೋಗಬಾರದು? ಊರಿನಿಂದ ಬರುವವರ ಕೈಯಲ್ಲಿ ಒಂದು ಪೆಟ್ಟಿಗೆ ಕಳಿಸಿದರೆ ಆಗದೇ?

ಅರಭಾವಿಯಲ್ಲಿ ಓದಿದವನು

ಆಗದು. ಪ್ರಯಾಣಿಕರ ಚೀಲದಲ್ಲಿ ಸಸ್ಯಭಾಗಗಳನ್ನು ಒಯ್ದರೆ ಕೆನಡಾದ ಗಡಿಯಲ್ಲಿ ಘೋಷಿಸಲೇಬೇಕು, ಕೀಟ ಮತ್ತು ರೋಗದ ಕಾರಣಕ್ಕೆ ಅವರು ತಡೆಯಬಹುದು. ಮಲ್ಲಿಗೆಯ ಸ್ವಭಾವವೂ ಅಡ್ಡ ಬರುತ್ತದೆ. ನಸುಕಿನಲ್ಲಿ ಬಿಡಿಸಿದ ಮೊಗ್ಗು ಅದೇ ಸಂಜೆ ಅರಳಿ, ಮಾರನೆಯ ದಿನ ಬಣ್ಣಗೆಡುತ್ತದೆ. ಗುಲಾಬಿಗೆ ದಂಟಿದೆ, ಎಲೆಯಿದೆ, ಆಹಾರದ ಸಂಗ್ರಹವಿದೆ. ಮಲ್ಲಿಗೆಗೆ ಅವು ಯಾವುವೂ ಇಲ್ಲ.

ಹಂದರದ ಹೂವು

ತಮ್ಮೆಲ್ಲರ ಮಾತುಗಳು ಬಹಳ ಉಪಯುಕ್ತವಾಗಿವೆ. ಮಲ್ಲಿಗೆಯ ಆಸೆಯನ್ನು ನಾನು ಬಂದಾಗಲೇ ಬಿಟ್ಟಿದ್ದೇನೆ. ಇಲ್ಲಿಯ ಸಗಟು ವ್ಯಾಪಾರಿಗಳಲ್ಲಿ ದೊರೆಯುವ ಗುಲಾಬಿ, ಕಾರ್ನೇಷನ್‌ಗಳು ಹೆಚ್ಚಾಗಿ ಕೊಲಂಬಿಯಾ, ಎಕ್ವಡಾರ್ ದೇಶಗಳಿಂದ ಬರುತ್ತವೆ. ಒಂಟಾರಿಯೊ ಪ್ರಾಂತದ ನಯಾಗರಾ ಭಾಗದ ಹಸಿರುಮನೆಗಳಿಂದಲೂ ಮಾಲು ಬರುತ್ತದೆ. ಎಕ್ವಡಾರಿನ ಗುಲಾಬಿಯ ತಲೆ ನಮ್ಮ ಕಡೆಯ ಪಾಲಿಹೌಸಿನ ಗುಲಾಬಿಗಿಂತ ಎಷ್ಟು ದೊಡ್ಡದೆಂದರೆ ಹಾರಕ್ಕೆ ಅದು ಭಾರವೇ ಆಗುತ್ತದೆ. ಆದ್ದರಿಂದ ಹಾರಕ್ಕೆ ಸಣ್ಣ ಕಾರ್ನೇಷನ್ನೇ ಸರಿ. ಅದರ ಹಸಿರು ಬಟ್ಟಲಿನ ಮಧ್ಯದಲ್ಲಿ ಸೂಜಿ ತೂರಿಸಿದರೆ ಎಸಳು ಚೆದರುವುದಿಲ್ಲ.

ಪ್ಲಾಸ್ಟಿಕ್ಕಿನ ಬಗ್ಗೆ ಹೂವಾಡಿಗ ಅಣ್ಣನವರು ಹೇಳಿದ ಗೆರೆ ನ್ಯಾಯವಾದದ್ದೇ. ಆದರೆ ಆ ಗೆರೆಯ ಆಚೆಗಿನದೆಲ್ಲ ಪ್ಲಾಸ್ಟಿಕ್ ಆಗಿಬಿಟ್ಟರೆ ಅಲಂಕಾರದವಳಾಗಿ ನನಗೆ ಮಾಡಲು ಉಳಿಯುವುದೇನು? ಸರಗಳನ್ನು ಬಾಡಿಗೆಗೆ ಕೊಟ್ಟು ಮರಳಿ ಪಡೆದು ಪೆಟ್ಟಿಗೆಗೆ ತುಂಬುವ ಕೆಲಸಕ್ಕೆ ಕಸುಬಿನ ಅಗತ್ಯವಿಲ್ಲ.

ವಿಜಯಪುರದವಳು, ಮಿನ್ನೆಸೋಟಾದಲ್ಲಿ

ನಿಮ್ಮ ಊರಿನಿಂದ ದಕ್ಷಿಣಕ್ಕೆ ಗಡಿ ದಾಟಿದರೆ ನಮ್ಮ ರಾಜ್ಯ. ಚಳಿಯಲ್ಲಿ ನಾವಿಬ್ಬರೂ ನೆರೆಹೊರೆಯವರು. ನಾನು ಇಲ್ಲಿಯ ಹೂವಿನ ಅಂಗಡಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ವಿಜಯಪುರದ ಬೇಸಿಗೆಯಲ್ಲಿ ಬೆಳೆದವಳಿಗೆ ಇದು ಹೊಸ ವಿದ್ಯೆಯೇ ಆಗಿತ್ತು.

ಸಾಗಣೆಗೆ ಇಲ್ಲಿ ಒಂದು ಕ್ರಮವಿದೆ. ಮೊದಲು ವಾಹನವನ್ನು ಹೊರಗೆ ನಿಲ್ಲಿಸಿ ಒಳಭಾಗ ಪೂರ್ತಿ ಬೆಚ್ಚಗಾಗುವವರೆಗೆ ಕಾಯಬೇಕು. ಹೂಗುಚ್ಛಕ್ಕೆ ಎರಡು ಮೂರು ಪದರ ದಪ್ಪ ಕಾಗದ ಸುತ್ತಿ, ತಲೆಯ ಭಾಗದಲ್ಲಿ ಗಾಳಿ ನಿಲ್ಲುವಂತೆ ಸಡಿಲವಾಗಿ ಮಡಚಿ ಕಟ್ಟಬೇಕು. ಚಳಿಯನ್ನು ತಡೆಯುವುದು ಕಾಗದಕ್ಕಿಂತ ಹೆಚ್ಚಾಗಿ ಆ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ಎಸಳು ಪ್ಲಾಸ್ಟಿಕ್ಕಿಗೆ ನೇರವಾಗಿ ತಾಗಬಾರದು, ತಾಗಿದ ಜಾಗವೇ ಮೊದಲು ಸುಡುತ್ತದೆ. ಗಿರಾಕಿ ಮನೆಯಲ್ಲಿದ್ದಾರೆಂದು ಫೋನಿನಲ್ಲಿ ಖಚಿತಪಡಿಸಿಕೊಂಡೇ ಹೊರಡಬೇಕು. ಬೇಸಿಗೆಯಲ್ಲಿ ಬಾಗಿಲ ಬಳಿ ಇಟ್ಟು ಬರುವ ರೂಢಿಯನ್ನು ನವೆಂಬರಿನಿಂದ ಮಾರ್ಚಿಯವರೆಗೆ ಪೂರ್ತಿ ಮರೆಯಬೇಕು. ಇದನ್ನೆಲ್ಲ ಅಂಗಡಿಯವರು ನಿಮಗೆ ಒಂದೇ ವಾರದಲ್ಲಿ ಕಲಿಸುತ್ತಾರೆ, ಹೆದರಬೇಕಿಲ್ಲ.

ತೋರಣದ ಬಗ್ಗೆ ನನಗೊಂದು ಖಚಿತ ಉತ್ತರವಿದೆ: ಸಲಾಲ್. ಬ್ರಿಟಿಷ್ ಕೊಲಂಬಿಯಾದ ಕರಾವಳಿಯ ಕಾಡುಗಳಲ್ಲಿ ಬೆಳೆಯುವ ಈ ಪೊದೆಯ ಎಲೆ ಹೂವಿನ ಅಂಗಡಿಗಳಲ್ಲಿ ವರ್ಷವಿಡೀ ಸಿಗುತ್ತದೆ. ಅಂಡಾಕಾರದ, ಚರ್ಮದಷ್ಟು ಗಟ್ಟಿಯಾದ ಕಡುಹಸಿರು ಎಲೆ. ಮಾವಿನೆಲೆಗಿಂತ ಗಿಡ್ಡ ಮತ್ತು ಅಗಲ. ತೊಟ್ಟನ್ನು ಹಿಂದಕ್ಕೆ ಮಡಚಿ ದಾರದ ಮೇಲೆ ಚುಚ್ಚುವ ನಮ್ಮ ಪದ್ಧತಿಗೆ ಅದು ಸೀಳದೆ ಒಗ್ಗುತ್ತದೆ. ನಡುನಡುವೆ ಹಳದಿ ಸೇವಂತಿಗೆ ಪೋಣಿಸಿದರೆ ದೂರದಿಂದ ನೋಡಿದವರಿಗೆ ವ್ಯತ್ಯಾಸ ತಿಳಿಯದು. ಬಾಗಿಲಿನ ಹೊರಗೆ ಕಟ್ಟಬೇಡಿ, ಒಳಬದಿಯ ಚೌಕಟ್ಟಿಗೆ ಕಟ್ಟಿ.

ಮತ್ತೊಂದು ಮಾತು. ಚಳಿಗಾಲದಲ್ಲಿ ನಿಮ್ಮ ಊರಿನ ಸುತ್ತಮುತ್ತ ಹಿಮದ ನಡುವೆ ಕೆಂಪಗೆ ನಿಂತಿರುವ ಕಡ್ಡಿಗಳ ಪೊದೆಗಳನ್ನು ನೋಡಿರಬಹುದು. ಅದು ರೆಡ್ ಓಸಿಯರ್ ಡಾಗ್‌ವುಡ್. ಎಲೆ ಉದುರಿದ ಮೇಲೆಯೇ ಅದರ ತೊಗಟೆಯ ಕೆಂಪು ಎದ್ದು ಕಾಣುತ್ತದೆ. ಮಂಟಪದ ಕಂಬಗಳಿಗೆ ಆ ಕಡ್ಡಿಗಳನ್ನು ಒತ್ತಾಗಿ ನಿಲ್ಲಿಸಿ ಕಟ್ಟಿದರೆ ಕುಂಕುಮದ ಬಣ್ಣ ತಾನಾಗಿಯೇ ಬರುತ್ತದೆ, ಅದೂ ಕಡಿಮೆ ಖರ್ಚಿನಲ್ಲಿ. ಸಾರ್ವಜನಿಕ ಉದ್ಯಾನಗಳಲ್ಲಿ ಕಡಿಯುವಂತಿಲ್ಲ. ಹೊಲದವರನ್ನು ಕೇಳಿ ಕೊಳ್ಳಿ.

ಹೂಗಾರ ಮನೆತನದವರು (ಸವದತ್ತಿ)

ಹೂಗಾರ ಮಾದಯ್ಯ ಶರಣರ ಕಾಯಕವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದ ಮನೆತನ ನಮ್ಮದು. ಮನೆಮನೆಗೆ ಪತ್ರಿ, ಹೂವು ಮುಟ್ಟಿಸುವುದು ನಮ್ಮ ಕೆಲಸ. ಹಿಂದಿನ ಹಿರಿಯರು ಆಯಾ ಕಾಲದಲ್ಲಿ ಹೊಲದ ಬದುವಿನ ಮೇಲೆ ಏನು ಅರಳಿತೋ ಅದನ್ನೇ ಬುಟ್ಟಿಗೆ ತುಂಬಿಕೊಂಡು ಹೋಗುತ್ತಿದ್ದರು. ತುಂಬೆ ಸಿಕ್ಕ ದಿನ ತುಂಬೆ, ಎಕ್ಕೆ ಸಿಕ್ಕ ದಿನ ಎಕ್ಕೆ, ಏನೂ ಇಲ್ಲದ ಬರಗಾಲದಲ್ಲಿ ಬನ್ನಿಯ ಎಲೆ. ಇಂತಹದೇ ಹೂವು ಬೇಕೆಂಬ ಹಟ ಪೇಟೆಯಿಂದ ಬಂದದ್ದು. ಆದಕಾರಣ ತಾಯಿಯವರು ಆ ಊರಿನ ಸೊಪ್ಪು ಕಡ್ಡಿಗಳಿಂದ ಮಂಟಪ ಕಟ್ಟಿದರೆ ಪದ್ಧತಿ ಕೆಟ್ಟಿತೆಂದು ಯಾರೂ ಹೇಳಲಾರರು.

ಆದರೆ ನೌಕರಿಯ ವಿಷಯದಲ್ಲಿ ಹೂವಾಡಿಗರ ಮಾತನ್ನು ನಾನು ಒಪ್ಪಲಾರೆ. ಇನ್ನೊಬ್ಬರ ಅಂಗಡಿಯಲ್ಲಿ ವರ್ಷಗಟ್ಟಲೆ ಗುಚ್ಛ ಕಟ್ಟಿದವರಿಗೆ ಹಾರ ಕಟ್ಟುವ ಬೆರಳು ಮಂದವಾಗುತ್ತದೆ. ಹೂವು ಹಿಡಿದು ದಾರದ ಗಂಟು ಬೀಳಿಸುವ ಚುರುಕು ದಿನವೂ ಕಟ್ಟಿದರೆ ಮಾತ್ರ ಉಳಿಯುತ್ತದೆ.

ಟಿಳಕವಾಡಿಯ ಓದುಗ

ಹಿರಿಯರ ಭಾವನೆಯನ್ನು ಗೌರವಿಸುತ್ತಲೇ ಲೆಕ್ಕದ ಮಾತೊಂದನ್ನು ಕೇಳುತ್ತೇನೆ. ಬೆಳಗಾವಿಯಲ್ಲಿ ಹೂವು ಕಟ್ಟುವ ಹೆಣ್ಣುಮಕ್ಕಳಿಗೆ ಮಾರಿನ ಲೆಕ್ಕದಲ್ಲಿ ಎಷ್ಟು ಕಡಿಮೆ ಕೂಲಿ ಸಿಗುತ್ತದೆಂಬುದು ನಮಗೆಲ್ಲ ಗೊತ್ತಿದೆ. ನಮ್ಮ ಹಾರ ಅಗ್ಗವಾಗಿರುವುದು ಆ ಕೂಲಿಯಿಂದಾಗಿಯೇ. ಮ್ಯಾನಿಟೋಬಾದಲ್ಲಿ ಕನಿಷ್ಠ ವೇತನವೇ ಗಂಟೆಗೆ 15 ಡಾಲರಿಗಿಂತ ಹೆಚ್ಚು. ಒಂದು ಜೊತೆ ವರಮಾಲೆಗೆ ಮೂರು ಗಂಟೆ ಹಿಡಿದರೆ ಹೂವಿನ ಬೆಲೆಯನ್ನು ಬಿಟ್ಟು ಕೈಗೆಲಸಕ್ಕೇ ಎಷ್ಟಾಯಿತು? ಗಿರಾಕಿಗಳು ಪ್ಲಾಸ್ಟಿಕ್ ಕೇಳುವುದಕ್ಕೆ ಹಿಮದ ಜೊತೆಗೆ ಇದೂ ಕಾರಣವಿರಬೇಕು.

ಹಂದರದ ಹೂವು

ನೂರಕ್ಕೆ ನೂರು ನಿಜ. ಇದನ್ನು ಯಾರಾದರೂ ಎತ್ತಲಿ ಎಂದು ಕಾಯುತ್ತಿದ್ದೆ. ಬೆಳಗಾವಿಯಲ್ಲಿ ನನ್ನ ಮಂಟಪಗಳು ಆ ದರದಲ್ಲಿ ಆಗುತ್ತಿದ್ದುದು ರಾತ್ರಿಯಿಡೀ ಕೂತು ಕಟ್ಟುವ ನಾಲ್ಕಾರು ಹೆಣ್ಣುಮಕ್ಕಳು ಇದ್ದುದರಿಂದ. ಇಲ್ಲಿ ಕಟ್ಟುವವಳು ನಾನೊಬ್ಬಳೇ. ಹಾಗಾಗಿ ವಿನ್ಯಾಸವೇ ಬದಲಾಗಬೇಕು: ಕೈಗೆಲಸ ಹೆಚ್ಚು ಬೇಡುವ ಸರಗಳು ಕೊರಳಿಗೆ ಮತ್ತು ದೇವರಿಗೆ ಮಾತ್ರ, ಕಂಬ ಮತ್ತು ಕಮಾನುಗಳಿಗೆ ಕಡ್ಡಿ, ಸೀಡರ್ ಸೊಪ್ಪು, ಸಲಾಲ್. ಸಲಾಲ್ ಎಲೆಯನ್ನು ನಿನ್ನೆಯೇ ತಂದು ಮಡಚಿ ನೋಡಿದೆ. ಮಧ್ಯನರ ಗಟ್ಟಿಯಿದೆ, ಆದರೂ ಸೀಳಲಿಲ್ಲ. ಮಿನ್ನೆಸೋಟಾದ ಅಕ್ಕನವರಿಗೆ ಧನ್ಯವಾದಗಳು.

ಬಾಗಲಕೋಟೆಯ ತೋಟಗಾರ (ನವನಗರ)

ಚರ್ಚೆಯೆಲ್ಲ ಕೊಂಡು ತರುವ ಹೂವಿನ ಮೇಲೆಯೇ ನಡೆದಿದೆ; ಬೆಳೆಯುವುದರ ಬಗ್ಗೆ ಯಾರೂ ಮಾತಾಡಲಿಲ್ಲವೆಂದು ಇಷ್ಟುದ್ದ ಬರೆಯುತ್ತಿದ್ದೇನೆ. ನಮ್ಮ ಊರಿನ ತೋಟಗಾರಿಕೆ ವಿಶ್ವವಿದ್ಯಾಲಯದ ಸುತ್ತ ಓಡಾಡಿಕೊಂಡಿರುವವನಾದ್ದರಿಂದ ಈ ವಿಷಯದಲ್ಲಿ ನನಗೆ ಚಪಲ ಹೆಚ್ಚು.

ವಿನಿಪೆಗ್‌ನಲ್ಲಿ ಮೇ ಕೊನೆಯಿಂದ ಸಪ್ಟೆಂಬರಿನ ಮೂರನೆಯ ವಾರದವರೆಗೆ ಹಿಮಪಾತದ ಭಯವಿಲ್ಲದ ಸುಮಾರು ನಾಲ್ಕು ತಿಂಗಳ ಅವಧಿ ಇದೆ. ಜೂನ್‌ನಲ್ಲಿ ಹಗಲು 16 ಗಂಟೆಗೂ ಹೆಚ್ಚು. ಚೆಂಡುಹೂವಿಗೆ ಇಷ್ಟು ಸಾಕು. ಏಪ್ರಿಲ್ ಆರಂಭದಲ್ಲಿ ಮನೆಯೊಳಗೆ ದೀಪದ ಕೆಳಗೆ ಬೀಜ ಬಿತ್ತಿ, ಜೂನ್ ಹೊಕ್ಕ ಮೇಲೆ ಸಸಿಗಳನ್ನು ಹೊರಗೆ ನೆಟ್ಟರೆ ಜುಲೈ ಕೊನೆಯಿಂದ ಬಿಡಿಸಬಹುದು. ಈಗ ಪಂಚಾಂಗ ನೋಡಿ. ಗಣೇಶ ಚತುರ್ಥಿ ಆಗಸ್ಟ್ ಉತ್ತರಾರ್ಧದಿಂದ ಸಪ್ಟೆಂಬರಿನ ಮೂರನೆಯ ವಾರದೊಳಗೆ ಬರುತ್ತದೆ. ಅಂದರೆ ನಿಮ್ಮ ಅಂಗಳದ ಚೆಂಡುಹೂವು ಗಣಪತಿಗೆ ಸರಿಯಾಗಿ ಒದಗುತ್ತದೆ. 1905ರಲ್ಲಿ ತಿಲಕರ ಪ್ರೇರಣೆಯಿಂದ ಝೆಂಡಾ ಚೌಕದಲ್ಲಿ ಸಾರ್ವಜನಿಕ ಗಣೇಶೋತ್ಸವ ಆರಂಭಿಸಿದ ಊರಿನವರು ನೀವು. ಬೇರೆ ಯಾವ ಹಬ್ಬ ತಪ್ಪಿದರೂ ಇದು ತಪ್ಪಬಾರದು. ದಸರೆಯ ಹೊತ್ತಿಗೆ ಹೂವು ಅನುಮಾನ, ದೀಪಾವಳಿಗಂತೂ ಇಲ್ಲ.

ಸೇವಂತಿಗೆಯನ್ನು ಮಾತ್ರ ಎಚ್ಚರಿಕೆಯಿಂದ ಆರಿಸಿ. ಅದು ಹಗಲು ಗಿಡ್ಡವಾದಾಗ ಮೊಗ್ಗು ಕಟ್ಟುವ ಗಿಡ. ಅಲ್ಲಿ ಹಗಲು ಗಿಡ್ಡವಾಗಿ ಮೊಗ್ಗು ಬಲಿಯುವ ಹೊತ್ತಿಗೆ ಹಿಮ ಬಂದಿರುತ್ತದೆ. ಇದಕ್ಕೆ ಪರಿಹಾರ ನಿಮ್ಮ ಪ್ರಾಂತದಲ್ಲಿಯೇ ಸಿದ್ಧವಾಗಿದೆ. ವಿನಿಪೆಗ್‌ನ ನೈಋತ್ಯಕ್ಕಿರುವ ಮಾರ್ಡನ್ ಪಟ್ಟಣದ ಕೃಷಿ ಸಂಶೋಧನಾ ಕೇಂದ್ರವು ಬೇಗ ಹೂ ಬಿಡುವ, ಚಳಿ ತಡೆಯುವ ಸೇವಂತಿಗೆ ತಳಿಗಳನ್ನು ಬಿಡುಗಡೆ ಮಾಡಿದೆ. ಪಾರ್ಕ್‌ಲ್ಯಾಂಡ್ ಎಂಬ ಗುಲಾಬಿ ತಳಿಗಳೂ ಅದೇ ಕೇಂದ್ರದವು; 1980ರಲ್ಲಿ ಬಂದ ಮಾರ್ಡನ್ ಸೆಂಟೆನಿಯಲ್ ಅವುಗಳಲ್ಲೊಂದು. ಬಯಲುಸೀಮೆಯ ಆ ಚಳಿಗೆ ಮೇಲಿನ ಕೊಂಬೆ ಸತ್ತರೂ ಬುಡದಿಂದ ಚಿಗುರಿ, ಅದೇ ಬೇಸಿಗೆಯಲ್ಲಿ ಹೂ ಬಿಡುವಂತೆ ಆರಿಸಿದ ಗುಲಾಬಿಗಳು ಇವು. ದಂಟು ಉದ್ದವಿಲ್ಲದ ಕಾರಣ ಅಂಗಡಿಯವರು ಇವನ್ನು ಮುಟ್ಟುವುದಿಲ್ಲ. ಹಾರ ಕಟ್ಟುವವರಿಗೆ ದಂಟೇಕೆ?

ಇನ್ನೊಂದು ಹೂವು ಪಿಯೋನಿ. ನಮ್ಮ ಕಡೆ ಬೆಳೆಯಲಾಗದ್ದು, ಏಕೆಂದರೆ ಚಳಿಗಾಲದ ದೀರ್ಘ ತಂಪಿಲ್ಲದೆ ಅದು ಮೊಗ್ಗೇ ಇಡುವುದಿಲ್ಲ. ವಿನಿಪೆಗ್‌ನಲ್ಲಿ ಜೂನ್ ತಿಂಗಳಲ್ಲಿ ಅದು ಮನೆಮನೆಯ ಅಂಗಳದಲ್ಲಿ ಅರಳುತ್ತದೆ. ಮೊಗ್ಗನ್ನು ಬೆರಳಿನಿಂದ ಒತ್ತಿದಾಗ ಹೋಳಿಗೆಯ ಕಣಕದಂತೆ ಮೆತ್ತಗೆ ಒಳಸರಿದರೆ ಕೊಯ್ಯಬೇಕು; ಕಲ್ಲಿನ ಗಟ್ಟಿಯಿದ್ದರೆ ಅರಳದು, ಎಸಳು ಬಿಚ್ಚಿದ್ದರೆ ಇಡಲಾಗದು. ಹಾಗೆ ಕೊಯ್ದ ಮೊಗ್ಗನ್ನು ನೀರಿಲ್ಲದೆ ಕಾಗದದಲ್ಲಿ ಸುತ್ತಿ 1 ಡಿಗ್ರಿಯ ತಂಪಿನಲ್ಲಿಟ್ಟರೆ ಮೂರು ವಾರಗಳಾದರೂ ಇರುತ್ತದೆ. ಬೇಕಾದಾಗ ದಂಟಿನ ತುದಿ ಕತ್ತರಿಸಿ ನೀರಿಗಿಟ್ಟರೆ ಅರಳುತ್ತದೆ. ಜುಲೈ ಮದುವೆಗಳಿಗೆ ಇದನ್ನು ಹೀಗೆ ಕಾಯ್ದಿರಿಸಿಕೊಳ್ಳಿ.

ಚೆಂಡುಹೂವೂ ಡೇಲಿಯಾವೂ ಮೆಕ್ಸಿಕೊದ ಕಡೆಯಿಂದ ನಮ್ಮಲ್ಲಿಗೆ ಬಂದ ಹೂವುಗಳು ಎಂಬುದನ್ನೂ ನೆನಪಿಸುತ್ತೇನೆ. ನಮ್ಮದೆನ್ನುವ ಹೂವು ಒಮ್ಮೆ ಪರದೇಶಿಯೇ ಆಗಿತ್ತು.

ಗಣಪತ ಗಲ್ಲಿಯ ಹೂವಾಡಿಗ

ತೋಟಗಾರರೇ, ಕೊನೆಯ ಮಾತು ಕೇಳಲು ಚೆಂದ, ಆದರೆ ಅದರಿಂದ ಆಕೆಯ ದೀಪಾವಳಿಗೆ ಹೂವು ಬರಲಿಲ್ಲ. ಅಕ್ಟೋಬರಿನಿಂದ ಮೇವರೆಗೆ ಏನು ಮಾಡಬೇಕು? ಇಲ್ಲಿ ಮತ್ತೆ ಪ್ಲಾಸ್ಟಿಕ್ಕಿಗೇ ಬಂದು ನಿಂತೆವು.

ಅರಭಾವಿಯಲ್ಲಿ ಓದಿದವನು

ಬಂದು ನಿಲ್ಲಬೇಕಾಗಿಲ್ಲ. ಒಳಗಿನ ಶುಷ್ಕ ಗಾಳಿ ಹಾರಕ್ಕೆ ತೊಡಕೆಂದು ನಾನೇ ಮೇಲೆ ಬರೆದಿದ್ದೇನೆ. ಅದೇ ಗಾಳಿ ಒಣಹೂವಿಗೆ ವರವಾಗುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಹೂವು ಒಣಗಿಸಲು ಹೋದರೆ ಬೂಷ್ಟು ಹಿಡಿಯುವುದು ಖಂಡಿತ. ವಿನಿಪೆಗ್‌ನಲ್ಲಿ ಸಪ್ಟೆಂಬರ್ ಕೊನೆಗೆ ಹೀಟರ್ ಹೊತ್ತಿಸಿದ ಕೋಣೆಯಲ್ಲಿ, ಬಿಸಿಲು ಬೀಳದ ಕತ್ತಲ ಮೂಲೆಯಲ್ಲಿ ತೂಗುಹಾಕಿದರೆ ಚೆಂಡುಹೂವು ಎರಡು ಮೂರು ವಾರಗಳಲ್ಲಿ ಒಣಗುತ್ತದೆ, ಕಿತ್ತಳೆ ಬಣ್ಣ ಸ್ವಲ್ಪ ಗಾಢವಾಗುತ್ತದೆಯೇ ಹೊರತು ಹೋಗುವುದಿಲ್ಲ. ಪೂರ್ತಿ ಅರಳಿದ, ಇಬ್ಬನಿ ಆರಿದ ಹೂವನ್ನೇ ಬಿಡಿಸಬೇಕು. ಸ್ಟಾಟಿಸ್ ಮತ್ತು ಸ್ಟ್ರಾಫ್ಲವರ್‌ಗಳನ್ನು ಜೊತೆಗೆ ಬೆಳೆದುಕೊಂಡರೆ ನೇರಳೆ, ಬಿಳಿ, ಕೆಂಪು ಬಣ್ಣಗಳೂ ಒದಗುತ್ತವೆ. ಅವು ಗಿಡದ ಮೇಲಿರುವಾಗಲೇ ಕಾಗದದಷ್ಟು ಒಣಗಿರುತ್ತವೆ.

ವಿಜಯಪುರದವಳು, ಮಿನ್ನೆಸೋಟಾದಲ್ಲಿ

ಇದಕ್ಕೆ ನನ್ನ ಅನುಭವವನ್ನು ಸೇರಿಸುತ್ತೇನೆ. ಹಸಿ ಹೂವನ್ನು ಪೋಣಿಸಿ ಒಣಗಿಸಿದರೆ ಪ್ರತಿ ಹೂವೂ ಕುಗ್ಗಿ ಸರದಲ್ಲಿ ಸಂದುಗಳು ಬೀಳುತ್ತವೆ. ಪೋಣಿಸುವುದನ್ನು ಮಾತ್ರ ಹಸಿಯಿದ್ದಾಗಲೇ ಮಾಡಬೇಕು, ಏಕೆಂದರೆ ಪೂರ್ತಿ ಒಣಗಿದ ಹೂವಿಗೆ ಸೂಜಿ ಹಾಕಿದರೆ ಅದು ಪುಡಿಯಾಗುತ್ತದೆ. ಹಾಗಾಗಿ ದಾರದ ಒಂದು ತುದಿಯನ್ನು ಗಂಟು ಹಾಕದೆ ಬಿಟ್ಟು, ಒಣಗಿದಂತೆಲ್ಲ ಹೂವುಗಳನ್ನು ಒತ್ತಾಗಿ ಸರಿಸುತ್ತ, ಖಾಲಿಯಾದ ಜಾಗಕ್ಕೆ ಇನ್ನೊಂದು ಸರದ ಹೂವನ್ನು ಸೇರಿಸಬೇಕು. ಹಸಿ ಹಾರದ ಎರಡರಷ್ಟು ಹೂವು ಬೇಕೆಂದು ಲೆಕ್ಕ ಹಾಕಿಕೊಳ್ಳಿ. ಬಾಳೆನಾರು ಬೇಡ, ಅಲ್ಲಿಯ ಗಾಳಿಗೆ ಅದು ಒಣಗಿ ತುಂಡಾಗುತ್ತದೆ. ಹತ್ತಿಯ ದಪ್ಪ ದಾರವೇ ಸರಿ.

ಹೂಗಾರ ಮನೆತನದವರು

ಬಾಡಿದ ಹೂವು ದೇವರಿಗೆ ಸಲ್ಲದೆಂಬ ನಿಯಮ ನಮ್ಮಲ್ಲಿದೆ. ಒಣಹೂವಿನ ಸರವನ್ನು ತೋರಣಕ್ಕೂ ಮಂಟಪಕ್ಕೂ ಬಳಸಿರಿ. ಮೂರ್ತಿಯ ಮೇಲೆ ಒಂದೇ ಒಂದು ಹಸಿ ಕಾರ್ನೇಷನ್ ಇಟ್ಟರೂ ಸಾಕು.

ಹಂದರದ ಹೂವು

ಹಿರಿಯರ ಈ ಮಾತನ್ನು ಹಾಗೆಯೇ ಪಾಲಿಸುತ್ತೇನೆ. ಒಣಹೂವಿನ ಉಪಾಯ ನನಗೆ ಹೊಳೆದಿರಲಿಲ್ಲ. ಬಾಡಿದ್ದನ್ನು ಕಸಕ್ಕೆ ಹಾಕಿಯೇ ಕೈಗೆ ರೂಢಿ. ಎಲ್ಲವನ್ನೂ ಕೂಡಿಸಿ ನೋಡಿ ಹೀಗೆ ನಿರ್ಧರಿಸಿದ್ದೇನೆ. ಅಂಗಡಿಯ ಕೆಲಸಕ್ಕೆ ವಾರದಲ್ಲಿ ಮೂರು ದಿನದ ಮಟ್ಟಿಗೆ ಬರುತ್ತೇನೆಂದು ಹೇಳಿದೆ, ತಾಯಂದಿರ ದಿನದ ವಾರ ಮಾತ್ರ ಪೂರ್ತಿ ಬರಬೇಕೆಂಬ ಷರತ್ತಿನ ಮೇಲೆ ಅವರು ಒಪ್ಪಿದರು. ಉಳಿದ ದಿನಗಳು ನನ್ನ ಸ್ವಂತ ಆರ್ಡರುಗಳಿಗೆ. ಬೇಸಿಗೆಯ ಮದುವೆಗಳಲ್ಲಿ ಪ್ಲಾಸ್ಟಿಕ್ ಬಳಸುವುದಿಲ್ಲವೆಂದು ಗಿರಾಕಿಗಳಿಗೆ ಮೊದಲೇ ತಿಳಿಸುತ್ತೇನೆ. ಒಂದೆರಡು ಆರ್ಡರು ಕೈತಪ್ಪಬಹುದು, ತಪ್ಪಲಿ. ಚಳಿಗಾಲಕ್ಕೆ ಒಣಹೂವಿನ ಸರಗಳನ್ನು ಬಾಡಿಗೆಗೆ ಕೊಡದೆ ಮಾರುತ್ತೇನೆ, ಏಕೆಂದರೆ ಅವು ಎರಡನೆಯ ಬಾರಿ ಕೈಯಾಡಿಸಿದರೆ ಉದುರುತ್ತವೆ.

ನಮ್ಮ ಬಾಡಿಗೆ ಮನೆಯ ಹಿಂದೆ ಸ್ವಲ್ಪ ಜಾಗವಿದೆ, ಈಗ ಸೊಂಟದಷ್ಟು ಹಿಮದ ಕೆಳಗಿದೆ. ಮನೆಯ ಮಾಲೀಕರು ಗಿಡ ನೆಡಲು ಒಪ್ಪಿದ್ದಾರೆ. ತೋಟಗಾರರಲ್ಲಿ ಒಂದು ಪ್ರಶ್ನೆ: ಬೀಜವನ್ನು ಊರಿನಿಂದ ತರಿಸಲೇ, ಇಲ್ಲಿಯದನ್ನೇ ಕೊಳ್ಳಲೇ?

ಬಾಗಲಕೋಟೆಯ ತೋಟಗಾರ

ಅಲ್ಲಿಯದನ್ನೇ ಕೊಳ್ಳಿ. ಬೀಜ ತರಿಸುವುದಕ್ಕೂ ಗಡಿಯ ನಿಯಮಗಳಿವೆ, ಆ ಗೋಜು ಬೇಡ. ಪೊಟ್ಟಣದ ಮೇಲೆ ಆಫ್ರಿಕನ್ ಮೇರಿಗೋಲ್ಡ್ ಎಂದಿರುವುದನ್ನು ಆರಿಸಿ, ಹಾರಕ್ಕೆ ಬೇಕಾದ ದೊಡ್ಡ ತಲೆಯ ಹೂವು ಅದೇ; ಫ್ರೆಂಚ್ ಮೇರಿಗೋಲ್ಡ್ ಗಿಡ್ಡ ಗಿಡ, ಸಣ್ಣ ಹೂವು. ಎತ್ತರ ಬೆಳೆಯುವ ತಳಿಯಾದರೆ ಗಾಳಿಗೆ ಬೀಳದಂತೆ ಆಸರೆ ಕೊಡಿ. ಸಸಿಗಳನ್ನು ಹೊರಗೆ ನೆಡುವ ಮುನ್ನ ಒಂದು ವಾರ ಹಗಲು ಹೊರಗೆ, ರಾತ್ರಿ ಒಳಗೆ ಇಟ್ಟು ಗಟ್ಟಿಮಾಡಿಕೊಳ್ಳಿ. ಡೇಲಿಯಾ ಹಾಕುವುದಾದರೆ ಮೊದಲ ಹಿಮಕ್ಕೆ ಎಲೆ ಕಪ್ಪಾದ ಕೂಡಲೇ ಗಡ್ಡೆ ಅಗೆದು ನೆಲಮಾಳಿಗೆಯಲ್ಲಿ ಹೆಪ್ಪುಗಟ್ಟದಷ್ಟು ತಂಪಿನಲ್ಲಿಡಬೇಕು, ಇಲ್ಲವಾದರೆ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ.

ಗಣಪತ ಗಲ್ಲಿಯ ಹೂವಾಡಿಗ

ನಾನು ಸೋತೆನೆಂದು ತಿಳಿಯಬೇಡಿ, ಇಲ್ಲಿ ಪ್ಲಾಸ್ಟಿಕ್ ಮಾರಾಟ ನಡೆದೇ ಇದೆ. ತಂಗೀ, ಹಾರದ ಉದ್ದ ಸೂಜಿ ಅಲ್ಲಿ ಸಿಗದಿದ್ದರೆ ತಿಳಿಸು. ಬೀಜಕ್ಕೆ ತಡೆಯಿದ್ದರೂ ಸೂಜಿಗೆ ಯಾರೂ ತಡೆ ಹಾಕಲಾರರು. ಏಪ್ರಿಲ್‌ನಲ್ಲಿ ನಿಮ್ಮ ಕಡೆಯವರು ಬರುವಾಗ ಒಂದು ಕಟ್ಟು ಕಳಿಸುತ್ತೇನೆ.